ಹೂ ಬಾಡಿದ ಮೇಲೆ ಶುರುವಾಗುವ ಲಿಲ್ಲಿ ಕೆಲಸ

ಬಾಗಲಕೋಟೆಯ ನವನಗರದಲ್ಲಿ ಮೇ ತಿಂಗಳ ಒಂದು ಸಂಜೆ, ಮನೆಯಲ್ಲಿ ಕೈತೋಟ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಗಡ್ಡೆ ಇಟ್ಟಿದ್ದೇನೆ. ಎರಡನ್ನೂ ಮೇಲಿನಿಂದ ಕೆಳಕ್ಕೆ ಸೀಳಿದ್ದೇನೆ. ಒಂದು ನಮ್ಮ ಉಳ್ಳಾಗಡ್ಡಿ. ಇನ್ನೊಂದು ಕೆಂಪು ಲಿಲ್ಲಿಯದು, ನರ್ಸರಿಯವರು ಅಮರಿಲ್ಲಿಸ್ ಅಂತ ಮಾರುತ್ತಾರಲ್ಲ, ಅದು. ಹತ್ತಿರ ಬಂದು ನೋಡಿ. ಪದರದ ಮೇಲೆ ಪದರ. ಬುಡದಲ್ಲಿ ಗಟ್ಟಿಯಾದ ಒಂದು ಬಿಲ್ಲೆ. ಅದರ ಅಡಿಯಿಂದ ಬೇರು. ಎರಡರದ್ದೂ ಒಂದೇ ರಚನೆ. ಸಸ್ಯಶಾಸ್ತ್ರದವರು ಈಗ ಇವೆರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಬಾಗಲಕೋಟೆ, ವಿಜಯಪುರದ ಮಂದಿಗೆ ಉಳ್ಳಾಗಡ್ಡಿ ಬೆಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ಹಾಗಾಗಿ ಲಿಲ್ಲಿಯ ಅರ್ಧ ಪಾಠ ನಿಮಗೆ ಆಗಲೇ ಬರುತ್ತದೆ.

ಈಗ ಲಿಲ್ಲಿ ಗಡ್ಡೆಯ ನಡುಭಾಗ ನೋಡಿ. ಪದರಗಳ ಸಂದಿಯಲ್ಲಿ ಹೆಸರುಕಾಳಿನಷ್ಟು ಒಂದು ತಿಳಿಹಸಿರು ಮೊಗ್ಗು ಇದೆ. ಸೂಜಿ ತುದಿಯಿಂದ ಮೆಲ್ಲಗೆ ಸರಿಸಿದರೆ ಬಿಡಿಯಾಗಿ ಕಾಣುತ್ತದೆ. ಈ ಗಿಡ ಏಪ್ರಿಲ್‌ನಲ್ಲಷ್ಟೇ ಹೂ ಕೊಟ್ಟು ಮುಗಿಸಿದೆ. ಮುಂದಿನ ಸಲದ ಹೂ ಆಗಲೇ ಒಳಗೆ ಕೂತಿದೆ.

ಹೂ ಬಂದಾಗ ಎಲ್ಲರೂ ಲಿಲ್ಲಿಯನ್ನು ನೋಡಿಕೊಳ್ಳುತ್ತಾರೆ. ಕುಂಡವನ್ನು ಬಾಗಿಲ ಮುಂದೆ ತಂದಿಡುತ್ತಾರೆ, ಫೋಟೊ ತೆಗೆಯುತ್ತಾರೆ. ಹೂ ಬಾಡಿತು ಅಂದರೆ ಅದೇ ಕುಂಡ ಹಿತ್ತಲ ಮೂಲೆ ಸೇರುತ್ತದೆ. ಎಲೆ ಜೋತು ಬಿದ್ದು ಚೆಂದ ಕಾಣುವುದಿಲ್ಲ ಅಂತ ಕತ್ತರಿ ಹಾಕುವವರೂ ಇದ್ದಾರೆ. ಮರುವರ್ಷ ಹೂ ಬರದಿದ್ದರೆ ಕಾರಣವನ್ನು ದೂರ ಹುಡುಕಬೇಕಿಲ್ಲ. ಎಲೆ ಬಿಸಿಲಿನಲ್ಲಿ ಮಾಡಿದ ಆಹಾರ ಕೆಳಗಿಳಿದು ಈ ಪದರಗಳಲ್ಲಿ ಕೂಡುತ್ತದೆ. ಈ ಪದರಗಳು ಅಂದರೆ ಎಲೆಗಳ ಬುಡವೇ. ಕೆಂಪು ಲಿಲ್ಲಿಯ ಗಡ್ಡೆ ಸಾಮಾನ್ಯವಾಗಿ ನಾಲ್ಕು ಎಲೆ ಬಿಟ್ಟ ಮೇಲೆ ಒಂದು ಹೂಮೊಗ್ಗು ಕಟ್ಟುತ್ತದೆ. ಎಲೆ ಎಷ್ಟು ಗಟ್ಟಿಯಾಗಿ, ಎಷ್ಟು ದಿನ ನಿಲ್ಲುತ್ತದೋ ಮುಂದಿನ ಹೂವಿನ ಗಟ್ಟಿತನ ಅಷ್ಟು. ಆದ್ದರಿಂದ ಲಿಲ್ಲಿಯ ಆರೈಕೆ ಅಂದರೆ ಮುಖ್ಯವಾಗಿ ಹೂವಿಲ್ಲದ ದಿನಗಳ ಆರೈಕೆ. ಇವತ್ತು ನಾನು ಬೇರೆ ಏನೇ ಹೇಳಿದರೂ ಇದೊಂದಕ್ಕೆ ಸೇರಿದ್ದು.

ಯಾವ ಲಿಲ್ಲಿ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳೋಣ. ನಾವು ಲಿಲ್ಲಿ ಅಂತ ಕರೆಯುವ ಗಿಡಗಳು ಬೇರೆ ಬೇರೆ ಮನೆತನದವು, ಬೇರೆ ಬೇರೆ ದೇಶದವು. ಮಳೆ ಲಿಲ್ಲಿ ಅಮೆರಿಕ ಖಂಡದ್ದು. ಕೆಂಪು ಲಿಲ್ಲಿಯ ಮೂಲ ದಕ್ಷಿಣ ಅಮೆರಿಕ. ಚೆಂಡಿನ ಹಾಗೆ ಗುಂಡಗೆ ಅರಳುವ ಫುಟ್‌ಬಾಲ್ ಲಿಲ್ಲಿ ಆಫ್ರಿಕದ್ದು. ಹೂಗುಚ್ಛದಲ್ಲಿ ಬರುವ ಏಶಿಯಾಟಿಕ್, ಓರಿಯಂಟಲ್ ಲಿಲ್ಲಿಗಳು ತಂಪು ನಾಡಿನವು. ಇವುಗಳಲ್ಲಿ ಯಾವುದರ ವರ್ಷ ನಮ್ಮ ಊರಿನ ವರ್ಷಕ್ಕೆ ಹೊಂದುತ್ತದೆ ಅಂತ ನೋಡಿ ಆರಿಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಒಣಗಾಲದಲ್ಲಿ ಮಲಗಿ, ನೀರು ಬಂದಾಗ ಏಳುವ ಗಡ್ಡೆಗಳು ನಮಗೆ ಸರಿ. ಮೊದಲ ಮೂರು ಅಂಥವು.

ನಮ್ಮ ಮಣ್ಣಿನ ಮಾತು ಬರಲೇಬೇಕು. ವಿಜಯಪುರದಲ್ಲಿ, ಬಾಗಲಕೋಟೆಯ ಬಹುಪಾಲು ಕಡೆ ಇರುವುದು ಎರೆಮಣ್ಣು. ಜೋಳಕ್ಕೆ, ಕಡಲೆಗೆ ಇದು ಬಂಗಾರ. ಲಿಲ್ಲಿ ಗಡ್ಡೆಗೆ ಎರಡು ಕಡೆಯಿಂದ ಕಾಟ. ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ, ಗಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬೇರು ಹರಿಯುತ್ತದೆ. ಜೊತೆಗೆ ಸುಣ್ಣದ ಅಂಶ ಜಾಸ್ತಿ. ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಅದನ್ನು ಬಿಟ್ಟುಕೊಡುವುದಿಲ್ಲ.

ಪರಿಹಾರ ಸರಳ. ನೆಲದಲ್ಲಿ ನೆಡುವುದಾದರೆ ಒಂದು ಗೇಣು ಎತ್ತರದ ಏರುಮಡಿ ಮಾಡಿ. ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಮಸಾರಿ ಮಣ್ಣು ಸಿಕ್ಕರೆ ಎರೆಮಣ್ಣಿನ ಬದಲು ಅದನ್ನೇ ಹಾಕಿ. ಬಾದಾಮಿ ಕಡೆಯವರಿಗೆ ಕೆಂಪು ಉಸುಕು ಮಣ್ಣು ಮನೆ ಮುಂದೆಯೇ ಇದೆ, ಅವರು ಗೊಬ್ಬರ ಸೇರಿಸಿದರೆ ಸಾಕು. ಕಟ್ಟಡಕ್ಕೆ ತಂದ ಎಂ-ಸ್ಯಾಂಡ್ ಉಳಿದಿದ್ದರೆ ಬಳಸಬಹುದು, ಆದರೆ ತೊಳೆದು ಬಳಸಿ. ಅದರ ಹಿಟ್ಟಿನಂಥ ಧೂಳು ಕುಂಡದ ತಳದಲ್ಲಿ ಗಟ್ಟಿ ಕೂತು ತೂತು ಮುಚ್ಚಿಬಿಡುತ್ತದೆ. ಒಲೆಯ ಬೂದಿ ಗಿಡಕ್ಕೆ ಒಳ್ಳೆಯದು ಅಂತ ಹಿರಿಯರು ಹೇಳುವುದು ಹುಳಿ ಮಣ್ಣಿನ ಊರಿಗೆ ಸರಿ. ಖಾನಾಪುರದ ಜಂಬಿಟ್ಟಿಗೆ ಮಣ್ಣಿನವರು ಬೇಕಾದರೆ ಒಂದು ಹಿಡಿ ಹಾಕಲಿ. ನಮ್ಮ ಎರೆಗೆ ಬೇಡ, ಅದು ಮೊದಲೇ ಕ್ಷಾರ.

ಬೋರಿನ ನೀರಿನ ಉಪ್ಪು ಇನ್ನೊಂದು ತೊಂದರೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಒಳಗೂ ಉಪ್ಪು ಕೂಡಿದೆ. ದಿನಾ ಒಂದು ಲೋಟ ನೀರು ಚಿಮುಕಿಸುವುದರಿಂದ ಇದು ಜಾಸ್ತಿಯಾಗುತ್ತದೆ. ಹಾಕಿದಾಗ ತೂತಿನಿಂದ ಹರಿದು ಹೋಗುವಷ್ಟು ಹಾಕಿ, ಆಮೇಲೆ ಮೇಲ್ಮಣ್ಣು ಒಣಗುವ ತನಕ ಸುಮ್ನಿರಿ. ಮಳೆ ಬಂದಾಗ ಮಾಳಿಗೆ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟುಕೊಂಡರೆ ಗಿಡಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಈಗ ಕೆಂಪು ಲಿಲ್ಲಿಯ ಒಂದು ವರ್ಷವನ್ನು ಪೂರ್ತಿ ನೋಡೋಣ. ಈ ಲಿಲ್ಲಿಯ ಮೊದಲ ಮಿಶ್ರತಳಿಯನ್ನು 1799ರಲ್ಲಿ ಇಂಗ್ಲೆಂಡಿನ ಆರ್ಥರ್ ಜಾನ್ಸನ್ ಎಂಬ ಗಡಿಯಾರ ಮಾಡುವವನು ಬೆಳೆಸಿದ. ಕೆಂಪು ಎಸಳಿನ ನಡುವೆ ಬಿಳಿ ಗೆರೆ ಅದರ ಗುರುತು. ನಮ್ಮ ಹಳೇ ಮನೆಗಳ ಅಂಗಳದಲ್ಲಿ ಅಜ್ಜಿಯರ ಕಾಲದಿಂದ ಇರುವ ಕೆಂಪು ಲಿಲ್ಲಿಗಳೂ ಹೆಚ್ಚು ಕಡಿಮೆ ಹೀಗೇ ಕಾಣುತ್ತವೆ. ಅಂಥ ಹಳೇ ಗಡ್ಡೆ ಯಾರ ಮನೆಯಲ್ಲಾದರೂ ಸಿಕ್ಕರೆ ಬಿಡಬೇಡಿ. ಹೊಸ ದೊಡ್ಡ ಹೂವಿನ ತಳಿಗಳಿಗಿಂತ ನಮ್ಮ ಬಿಸಿಲನ್ನು ಅವು ಚೆನ್ನಾಗಿ ತಾಳುತ್ತವೆ ಅನ್ನುವುದು ನನ್ನ ಅನುಭವ.

ಹೂ ಬಾಡಿದ ತಕ್ಷಣ ಹೂವನ್ನಷ್ಟೇ ಚಿವುಟಿ ತೆಗೆಯಿರಿ. ಕಾಯಿ ಕಟ್ಟಲು ಬಿಟ್ಟರೆ ಗಡ್ಡೆಯ ಶಕ್ತಿ ಬೀಜಕ್ಕೆ ಹೋಗುತ್ತದೆ. ಹಸಿರು ದಂಟು ಹಳದಿಯಾಗುವವರೆಗೆ ಇರಲಿ, ಅದೂ ಎಲೆಯ ಹಾಗೆ ಆಹಾರ ಮಾಡುತ್ತದೆ. ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡುತ್ತದೆ. ಬೆಳಗಿನ ಬಿಸಿಲು ಬಿದ್ದು ಹನ್ನೊಂದರ ಮೇಲೆ ನೆರಳಾಗುವ ಜಾಗ ಸಾಕು. ಮಳೆ ಹಿಡಿದ ಮೇಲೆ ಪೂರ್ತಿ ಬಯಲಿಗೆ ತನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ. ಯೂರಿಯಾ ಹಾಕಬೇಡಿ. ಎಲೆ ಮೊಳಕಾಲೆತ್ತರ ಬೆಳೆದು ಮೆತ್ತಗಾಗುತ್ತದೆ, ಹೂ ಹಿಂದೆ ಬೀಳುತ್ತದೆ.

ಇನ್ನು ನಿದ್ದೆ. ಉಳ್ಳಾಗಡ್ಡಿ ಕೀಳುವ ಮೊದಲು ನೀರು ನಿಲ್ಲಿಸುತ್ತೀರಿ, ಅಲ್ವಾ? ಕುತ್ತಿಗೆ ಮೆತ್ತಗಾಗಿ ಎಲೆ ಬೀಳುತ್ತದೆ, ಎಲೆಯ ರಸ ಗಡ್ಡೆಗೆ ಇಳಿಯುತ್ತದೆ. ಇಲ್ಲೂ ಅದೇ. ದೀಪಾವಳಿಯಿಂದ ನೀರು ಕಡಿಮೆ ಮಾಡುತ್ತ ಬನ್ನಿ. ಎಳ್ಳ ಅಮಾವಾಸ್ಯೆಗೆ ಪೂರ್ತಿ ನಿಲ್ಲಿಸಿ. ಹೊಲಕ್ಕೆ ಚರಗ ಚೆಲ್ಲಿ ಬಂದ ದಿನವೇ ಲಿಲ್ಲಿ ಕುಂಡವನ್ನು ಮಾಳಿಗೆಯ ಸೂರಿನ ಕೆಳಗೆ, ನೀರು ಬೀಳದ ಕಡೆ ಸರಿಸಿಬಿಡಿ, ಮರೆಯುವುದಿಲ್ಲ. ಶಿವರಾತ್ರಿಗೆ ಮೊದಲ ನೀರು. ನಡುವೆ ಸುಮಾರು ಎರಡು ತಿಂಗಳು. ಈ ಗಡ್ಡೆಗೆ ಬೇಕಾದ ವಿಶ್ರಾಂತಿ ಎಂಟರಿಂದ ಹತ್ತು ವಾರ. ನಮ್ಮ ಹಬ್ಬದ ಲೆಕ್ಕ ಅದಕ್ಕೆ ಸರಿಯಾಗಿ ಕೂಡುತ್ತದೆ. ಆ ಹೊತ್ತಿಗೂ ಒಂದೆರಡು ಎಲೆ ಹಸಿರಾಗಿ ಉಳಿದಿದ್ದರೆ ಕತ್ತರಿಸಬೇಡಿ. ನೀರು ನಿಲ್ಲಿಸುವುದಷ್ಟೇ ನಿಮ್ಮ ಕೆಲಸ.

ನೆಡುವಾಗ ಗಡ್ಡೆಯ ಕುತ್ತಿಗೆ ಮತ್ತು ಭುಜ ಮಣ್ಣಿನ ಮೇಲೆ ಕಾಣುತ್ತಿರಬೇಕು. ಪೂರ್ತಿ ಹೂಳಿದರೆ ಮಳೆಗಾಲದಲ್ಲಿ ಕುತ್ತಿಗೆಯೊಳಗೆ ನೀರು ನಿಂತು ಕೊಳೆಯುತ್ತದೆ. ಕುಂಡ ತೀರ ದೊಡ್ಡದು ಬೇಡ, ಗಡ್ಡೆಯ ಸುತ್ತ ಎರಡು ಬೆರಳು ಜಾಗ ಸಾಕು. ದೊಡ್ಡ ಕುಂಡದ ಒದ್ದೆ ಮಣ್ಣು ಬೇಗ ಒಣಗುವುದಿಲ್ಲ.

ಮಳೆ ಲಿಲ್ಲಿಗೆ ಬರೋಣ. ಮೊನ್ನೆ ಅಡ್ಡಮಳೆ ಬಿತ್ತಲ್ಲ, ಅದರ ಮೂರನೇ ದಿನ ಇಲ್ಲೇ ಎಷ್ಟೋ ಮನೆಗಳ ಕಾಂಪೌಂಡಿನ ಗುಂಟ ಗುಲಾಬಿ ಬಣ್ಣ ಎದ್ದಿತ್ತು. ಒಂದು ಹೂ ಒಂದೆರಡು ದಿನ ಇರುತ್ತದೆ, ಅಷ್ಟೇ. ಆದರೆ ಗುಂಪಾಗಿ ಬರುತ್ತದೆ, ಮತ್ತೆ ಮಳೆಯಾದರೆ ಮತ್ತೆ ಬರುತ್ತದೆ. ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ ಅನ್ನುತ್ತೇವೆ. ಆ ಮಳೆಗೆ ಓಣಿ ತುಂಬ ಈ ಹೂವೂ ಇರುತ್ತದೆ. ಗುಲಾಬಿ, ಬಿಳಿ, ಹಳದಿ ಮೂರೂ ನಮ್ಮಲ್ಲಿ ಸುಲಭವಾಗಿ ಬೆಳೆಯುತ್ತವೆ. ಬಿಳಿಯದು ಸ್ವಲ್ಪ ಜಾಸ್ತಿ ತೇವ ಕೇಳುತ್ತದೆ, ಮಳೆಗಾಲದ ಕೊನೆಗೆ ಹೆಚ್ಚು ಹೂ ಕೊಡುತ್ತದೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕಾವರು ಎದ್ದು ಕೇಳಿದರು: "ನಾವು ದಿನಾ ನೀರ ಹಾಕ್ತೀವ್ರಿ. ಎಲಿ ಭಾಳ ಬರ್ತಾವ, ಹೂ ಮಾತ್ರ ಬರೂದಿಲ್ಲ. ಯಾಕ್ರಿ?"

ದಿನಾ ನೀರು ಹಾಕುವುದೇ ಕಾರಣ ಅಕ್ಕಾ. ಈ ಗಿಡ ಒಣಗಿ, ಆಮೇಲೆ ಒಮ್ಮೆಲೇ ನೆನೆದಾಗ ಹೂ ತಳ್ಳುತ್ತದೆ. ದಿನಾ ತೇವ ಇದ್ದರೆ ಒಣಗಾಲವೂ ಇಲ್ಲ, ಮಳೆಗಾಲವೂ ಇಲ್ಲ. ಎಲೆ ಬಿಟ್ಟುಕೊಂಡು ಇದ್ದುಬಿಡುತ್ತದೆ. ಮೂರು ನಾಲ್ಕು ವಾರ ನೀರು ನಿಲ್ಲಿಸಿ, ಎಲೆ ಸೊರಗಿದರೂ ಹೆದರಬೇಡಿ. ಆಮೇಲೆ ಒಂದು ಸಂಜೆ ಕುಂಡ ತುಂಬಿ ಹರಿಯುವ ಹಾಗೆ ಹಾಕಿ, ಸಾಧ್ಯವಾದರೆ ಹಿಡಿದಿಟ್ಟ ಮಳೆನೀರನ್ನೇ. ಇನ್ನೊಂದು ಮಾತು, ಇವನ್ನು ಬಿಡಿಬಿಡಿಯಾಗಿ ನೆಡಬೇಡಿ. ಎಂಟು ಇಂಚಿನ ಕುಂಡಕ್ಕೆ ಹತ್ತು ಹನ್ನೆರಡು ಗಡ್ಡೆ, ಎರಡು ಬೆರಳು ಆಳ. ಇಕ್ಕಟ್ಟಾದಷ್ಟೂ ಚೆನ್ನಾಗಿ ಹೂ ಬಿಡುತ್ತವೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬಿಡಿಸಿದರೆ ಸಾಕು.

ಫುಟ್‌ಬಾಲ್ ಲಿಲ್ಲಿ ವರ್ಷಕ್ಕೆ ಒಂದೇ ಸಲ, ಒಂದು ಗಡ್ಡೆಗೆ ಒಂದೇ ಚೆಂಡು. ಆ ಒಂದು ಚೆಂಡಿನಲ್ಲಿ 200ರವರೆಗೂ ಸಣ್ಣ ಹೂಗಳಿರಬಹುದು. ಅದಕ್ಕೆ ನೆರಳು ಬೇಕು, ಮತ್ತೆ ಮತ್ತೆ ಕಿತ್ತು ನೆಡುವುದು ಆಗದು. ನುಗ್ಗೆಯದೋ ಪೇರಲದ್ದೋ ಬುಡದಲ್ಲಿ ಒಂದು ಸಲ ನೆಟ್ಟು ಬಿಟ್ಟುಬಿಡಿ. ಚಳಿಗಾಲದಲ್ಲಿ ಎಲೆ ಪೂರ್ತಿ ಮಾಯವಾಗುತ್ತದೆ, ಸತ್ತಿತು ಅಂತ ಅಗೆಯಬೇಡಿ. ಜಾಗ ನೆನಪಿರಲು ಒಂದು ಕೋಲು ನೆಟ್ಟಿಡಿ.

ಎರೆಮಣ್ಣನ್ನು ಬದಲಿಸಲು ಆಗುವುದೇ ಇಲ್ಲ, ಹಿತ್ತಲಲ್ಲಿ ನೀರು ನಿಲ್ಲುತ್ತದೆ ಅನ್ನುವವರಿಗೆ ಬಿಳಿ ಸ್ಪೈಡರ್ ಲಿಲ್ಲಿ ಇದೆ. ಜೇಡರ ಕಾಲಿನ ಹಾಗೆ ಉದ್ದ ಎಸಳು, ಸಂಜೆಗೆ ಒಳ್ಳೆಯ ವಾಸನೆ. ಒದ್ದೆ ತಾಳುತ್ತದೆ, ಒಣಗಿದರೂ ತಾಳುತ್ತದೆ. ಬಚ್ಚಲು ನೀರು ಹರಿಯುವ ಕಡೆ ಹಾಕಬಹುದು. ಇದಕ್ಕೆ ನಿದ್ದೆ ಬೇಡ, ವರ್ಷವಿಡೀ ಹಸಿರು.

ಎಲ್ಲರೂ ಕೇಳುವ ಏಶಿಯಾಟಿಕ್ ಲಿಲ್ಲಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಮಾರುಕಟ್ಟೆಗೆ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ನೆದರ್‌ಲ್ಯಾಂಡ್ಸ್ ಮೂಲದವು. ಆರೆಂಟು ವಾರ 2ರಿಂದ 5 ಡಿಗ್ರಿ ಚಳಿ ಕೊಟ್ಟ ಮೇಲೆಯೇ ಮಾರುತ್ತಾರೆ. ಆ ಚಳಿ ಇಲ್ಲದೆ ಅದು ಸರಿಯಾಗಿ ಹೂ ಬಿಡುವುದಿಲ್ಲ. ಹಗಲು 25 ಡಿಗ್ರಿ ಒಳಗೆ ಇದ್ದರೆ ಅದಕ್ಕೆ ಹಿತ. ವಿಜಯಪುರದ 40 ಡಿಗ್ರಿಗೆ ಅದು ಬಾಳುವುದಿಲ್ಲ. ಆದರೂ ಬೆಳೆಯಬೇಕು ಅನ್ನಿಸಿದರೆ ನವೆಂಬರ್‌ನಲ್ಲಿ ಗಡ್ಡೆ ತಂದು ತಡಮಾಡದೆ ನೆಡಿ. ಎರಡು ಎರಡೂವರೆ ತಿಂಗಳಿಗೆ ಹೂ ಬರುತ್ತದೆ, ಬಿಸಿಲು ಏರುವ ಮೊದಲೇ ಕೆಲಸ ಮುಗಿಯುತ್ತದೆ. ಬೆಳಗಾವಿಯವರಿಗೆ ಚಳಿ ಚೆನ್ನಾಗಿರುವುದರಿಂದ ಇದು ಇನ್ನೂ ಸಲೀಸು. ಓರಿಯಂಟಲ್ ಬೇಡ, ಅದು ಇನ್ನೂ ಒಂದು ತಿಂಗಳು ಜಾಸ್ತಿ ಕೇಳುತ್ತದೆ. ಅಷ್ಟರಲ್ಲಿ ನಮ್ಮ ಬಿಸಿಲು ಬಂದುಬಿಡುತ್ತದೆ.

ಏಶಿಯಾಟಿಕ್ ನೆಡುವ ಕ್ರಮ ಕೆಂಪು ಲಿಲ್ಲಿಯದಕ್ಕೆ ಪೂರ್ತಿ ಉಲ್ಟಾ. ಇದರ ಗಡ್ಡೆಯ ಮೇಲಿನ ದಂಟಿನಲ್ಲೂ ಬೇರು ಬರುತ್ತದೆ. ಹಾಗಾಗಿ ಗಡ್ಡೆಯ ಮೇಲೆ ನಾಲ್ಕೈದು ಇಂಚು ಮಣ್ಣು ಇರಬೇಕು, ಆಳದ ಕುಂಡ ಬೇಕು. ಮರುವರ್ಷಕ್ಕೆ ಗಡ್ಡೆ ಉಳಿಸಲು ಫ್ರಿಜ್ಜಿನಲ್ಲಿಡುವವರು ಸ್ವಲ್ಪ ತೇವದ ಕೊಕೊಪೀಟ್‌ನಲ್ಲಿ ಹಾಕಿ, ತೂತಿರುವ ಚೀಲದಲ್ಲಿಡಿ. ಸೇಬು, ಬಾಳೆಹಣ್ಣು ಇರುವ ಕಡೆ ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಎರಡನೇ ವರ್ಷದ ಹೂ ಸಣ್ಣದು. ಒಂದು ಚಳಿಗಾಲದ ಸಂತೋಷ ಅಂದುಕೊಂಡು ಬೆಳೆದರೆ ಬೇಜಾರಿಲ್ಲ.

ಹುಳದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಳೆಗಾಲದಲ್ಲಿ ಲಿಲ್ಲಿಯನ್ನು ಒಂದೇ ವಾರದಲ್ಲಿ ಬೋಳು ಮಾಡುವ ಹುಳ ಒಂದಿದೆ. ಕಪ್ಪು ಮೈ, ಮೇಲೆ ಬಿಳಿ ಚುಕ್ಕೆ, ಅಲ್ಲಲ್ಲಿ ಕೇಸರಿ ಕೆಂಪು ಗುರುತು. ಲಿಲ್ಲಿ ಪತಂಗದ ಮರಿ ಅದು. ತಾಯಿ ಪತಂಗ ಎಲೆಯ ಅಡಿಗೆ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಮರಿಗಳು ಮೊದಲು ಗುಂಪಾಗಿಯೇ ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ, ಆಗ ಎಲೆಯ ಮೇಲೆ ಬಿಳಿ ಮಾಸಲು ಗೆರೆ ಕಾಣುತ್ತದೆ. ಆ ಗೆರೆ ಕಂಡ ದಿನವೇ ಎಲೆ ಮಗುಚಿ ನೋಡಬೇಕು. ಆ ಒಂದು ಎಲೆಯನ್ನು ತೆಗೆದು ಸೋಪಿನ ನೀರಿಗೆ ಹಾಕಿದರೆ ಇಡೀ ಸಂಸಾರ ಹೋಯಿತು. ತಡಮಾಡಿದರೆ ಅವು ಚದುರಿ, ದಪ್ಪಗಾಗಿ, ಕುತ್ತಿಗೆ ಕೊರೆದು ಗಡ್ಡೆಗೇ ಇಳಿಯುತ್ತವೆ. ಆಮೇಲೆ ಮಣ್ಣಿನೊಳಗೆ ಹೋಗಿ ಕೋಶ ಕಟ್ಟುತ್ತವೆ. ಆದ್ದರಿಂದ ಹುಳ ಬಿದ್ದ ಕುಂಡದ ಮೇಲ್ಮಣ್ಣನ್ನು ಎರಡು ಇಂಚು ಕೆದರಿ ಬಿಸಿಲಿಗೆ ಹರಡಿ. ಬೇವಿನ ಎಣ್ಣೆಯನ್ನು ಲೀಟರಿಗೆ 5 ಮಿ.ಲೀ.ನಂತೆ, ಎರಡು ಹನಿ ಸೋಪು ಸೇರಿಸಿ, ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ. ಆದರೆ ಕೈಯಿಂದ ಆರಿಸುವಷ್ಟು ಖಾತ್ರಿ ಯಾವುದೂ ಇಲ್ಲ.

ಎಲೆಯ ಮೇಲೆ ಇಟ್ಟಿಗೆ ಕೆಂಪಿನ ಕಲೆ ಬಿದ್ದರೆ ಅದು ಬೂಜು ರೋಗ. ನೀರಿನ ಹನಿ ಸಿಡಿದು ಹರಡುತ್ತದೆ. ಕಲೆ ಬಿದ್ದ ಭಾಗ ಕತ್ತರಿಸಿ, ನೀರನ್ನು ಬುಡಕ್ಕಷ್ಟೇ ಹಾಕಿ. ಇರುವೆ ಸಾಲು ಗಡ್ಡೆಗೆ ಹೋಗುತ್ತಿದ್ದರೆ ಪದರದ ಸಂದಿಯಲ್ಲಿ ಹಿಟ್ಟು ತಿಗಣೆ ಇದೆಯಾ ನೋಡಿ.

ವಿಷದ ಮಾತನ್ನು ನಗುತ್ತ ಹೇಳಲು ಆಗುವುದಿಲ್ಲ. ಲಿಲ್ಲಿ ಗಡ್ಡೆ ಮತ್ತು ಉಳ್ಳಾಗಡ್ಡಿ ಎಷ್ಟು ಹೋಲುತ್ತವೆ ಅಂತ ನೋಡಿದಿರಿ. ಒಣಗಿಸಿದ ಲಿಲ್ಲಿ ಗಡ್ಡೆಯನ್ನು ಅಡುಗೆಮನೆಯಲ್ಲಿ ಇಡಲೇಬೇಡಿ. ಮಳೆ ಲಿಲ್ಲಿ, ಕೆಂಪು ಲಿಲ್ಲಿ, ಸ್ಪೈಡರ್ ಲಿಲ್ಲಿ ಎಲ್ಲದರ ಗಡ್ಡೆಯಲ್ಲೂ ಲೈಕೊರಿನ್ ಎಂಬ ವಿಷವಿದೆ, ತಿಂದರೆ ಜೋರು ವಾಂತಿ. ಖಾನಾಪುರ ಕಡೆಯ ಬೇಲಿಗಳಲ್ಲಿ ಗೌರಿ ಹಬ್ಬದ ಹೊತ್ತಿಗೆ ಹಳದಿ ಕೆಂಪು ಬಣ್ಣದಲ್ಲಿ ಅರಳುವ ಗೌರಿ ಹೂ ಇದೆಯಲ್ಲ, ಅದರ ಗಡ್ಡೆ ಇನ್ನೂ ಅಪಾಯ. ಅದರಲ್ಲಿರುವ ಕೊಲ್ಚಿಸಿನ್ ಜೀವ ತೆಗೆಯುತ್ತದೆ. ಹೂ ಬಹಳ ಚೆಂದ, ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಹಿಡಿದು ಹತ್ತುತ್ತದೆ. ಆದರೆ ಸಣ್ಣ ಮಕ್ಕಳಿರುವ ಮನೆಗೆ ಅದು ಬೇಡ ಅಂತಲೇ ಹೇಳುತ್ತೇನೆ.

ಬೆಕ್ಕು ಸಾಕಿದವರು ಏಶಿಯಾಟಿಕ್, ಓರಿಯಂಟಲ್, ಡೇ ಲಿಲ್ಲಿಗಳನ್ನು ಮನೆಗೆ ತರಲೇಬೇಡಿ. ಒಂದು ಎಲೆ ಅಗಿದರೂ, ಮೈಗೆ ಹತ್ತಿದ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ತಿಂದಿದೆ ಅಂತ ಅನುಮಾನ ಬಂದರೆ ಲಕ್ಷಣ ಕಾಣುವವರೆಗೆ ಕಾಯದೆ ಪಶುವೈದ್ಯರ ಹತ್ತಿರ ಓಡಬೇಕು.

ಹೊರಗೆ ಬುಟ್ಟಿಯಲ್ಲಿ ಗುಲಾಬಿ ಮಳೆ ಲಿಲ್ಲಿಯ ಗಡ್ಡೆಗಳೂ ಕೆಂಪು ಲಿಲ್ಲಿಯ ಮರಿಗಡ್ಡೆಗಳೂ ಇವೆ. ಬೇಕಾದವರು ತೆಗೆದುಕೊಳ್ಳಿ. ಮಳೆ ಲಿಲ್ಲಿಯನ್ನು ಇವತ್ತೇ ನೆಡಬಹುದು. ಕೆಂಪು ಲಿಲ್ಲಿಯ ಮರಿಗಳನ್ನು ತಾಯಿಗಡ್ಡೆಯಿಂದ ಇವತ್ತಷ್ಟೇ ಬಿಡಿಸಿದ್ದೇನೆ, ಗಾಯ ಇನ್ನೂ ಹಸಿ ಇದೆ. ಎರಡು ಮೂರು ದಿನ ನೆರಳಲ್ಲಿ, ಗಾಳಿಯಾಡುವ ಕಡೆ ಇಟ್ಟು, ಬುಡ ಒಣಗಿದ ಮೇಲೆ ನೆಡಿ. ಹೂ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಗಡ್ಡೆ ಸಣ್ಣದಿರುವಾಗ ಎಳ್ಳ ಅಮಾವಾಸ್ಯೆಗೆ ನೀರು ನಿಲ್ಲಿಸುವುದು ಬೇಡ, ಮೊದಲ ಎರಡು ಚಳಿಗಾಲ ಸ್ವಲ್ಪ ಸ್ವಲ್ಪ ನೀರು ಕೊಡುತ್ತ ಎಲೆ ಉಳಿಸಿಕೊಳ್ಳಿ.